‘ಒಂದು ಹನಿ ರಕ್ತದಲ್ಲಿ ಕ್ಯಾನ್ಸರ್ ಪತ್ತೆ’: ಲೆಕ್ಕ ಹಾಕಿ ನೋಡೋಣ

“ಒಂದು ಹನಿ ರಕ್ತ ಸಾಕು, ನ್ಯಾನೋ ಸೆನ್ಸರ್ ಕ್ಯಾನ್ಸರ್‌ನ ಮೊದಲೇ ಹಿಡಿಯುತ್ತೆ” ಅನ್ನೋ ಥರದ ವಾಟ್ಸ್‌ಆ್ಯಪ್ ಫಾರ್ವರ್ಡ್ ನಿಮಗೂ ಬಂದಿರಬಹುದು. ಅಮ್ಮನಿಗೆ ಇದನ್ನ ಮಾಡಿಸ್ಬೇಕಾ ಅಂತ ಕೇಳುಗರೊಬ್ಬರು ಕೇಳಿದ್ದಾರೆ. ನಾನು ಓದಿದ್ದು ಬಿ.ಕಾಂ., ಡಾಕ್ಟರ್ ಅಲ್ಲ. ಆದರೆ ಇದರಲ್ಲೊಂದು ಲೆಕ್ಕ ಇದೆ, ಅದನ್ನ ಹೇಳಬಲ್ಲೆ.

ಮೊದಲು ತಂತ್ರಜ್ಞಾನ. ಮನೆಯಲ್ಲೇ ಮಾಡೋ ಪ್ರೆಗ್ನೆನ್ಸಿ ಟೆಸ್ಟ್ ನೋಡಿದ್ದೀರಲ್ಲ? ಅದರಲ್ಲಿ ಮೂಡೋ ಕೆಂಪು ಗೆರೆ ಸಾಮಾನ್ಯವಾಗಿ ಚಿನ್ನದ ನ್ಯಾನೋ ಕಣಗಳದ್ದು. ಕಣಕ್ಕೆ ಆ್ಯಂಟಿಬಾಡಿ ಅಂಟಿಸಿರ್ತಾರೆ, ಅದು ತನಗೆ ಬೇಕಾದ ಅಣುವನ್ನ ಹುಡುಕಿ ಹಿಡಿಯುತ್ತೆ. ಕ್ಯಾನ್ಸರ್ ಪತ್ತೆಯ ಎಷ್ಟೋ ಸೆನ್ಸರ್‌ಗಳ ಉಪಾಯವೂ ಇದೇ.

ಆದರೆ ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ರಕ್ತಕಣ ಇರುತ್ತೆ. ಗಡ್ಡೆಯಿಂದ ಕಳಚಿ ಬಂದ ಕ್ಯಾನ್ಸರ್ ಕೋಶಗಳು ಬೆರಳೆಣಿಕೆಯಷ್ಟು. ಅವನ್ನ ಆ್ಯಂಟಿಬಾಡಿ ಲೇಪಿಸಿದ ಕಬ್ಬಿಣದ ನ್ಯಾನೋ ಕಣಗಳಿಂದ, ಅಯಸ್ಕಾಂತದ ಸಹಾಯದಿಂದ ಹೊರಗೆಳೆದು ಎಣಿಸೋ ‘ಸೆಲ್‌ಸರ್ಚ್’ ಪರೀಕ್ಷೆಗೆ ಅಮೆರಿಕದ ಎಫ್‌ಡಿಎ 2004ರಲ್ಲೇ ಒಪ್ಪಿಗೆ ಕೊಟ್ಟಿತು. ಅದಕ್ಕೆ ಬೇಕಿರೋದು ಒಂದು ಹನಿಯಲ್ಲ, 7.5 ಮಿಲಿಲೀಟರ್ ರಕ್ತ. ಒಪ್ಪಿಗೆ ಸಿಕ್ಕಿದ್ದೂ ಸ್ತನ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿದವರಲ್ಲಿ ರೋಗ ಹೇಗೆ ಸಾಗಬಹುದು ಅಂತ ಅಂದಾಜಿಸೋಕೆ. ಆರೋಗ್ಯವಂತರಲ್ಲಿ ಕ್ಯಾನ್ಸರ್ ಹುಡುಕೋಕಲ್ಲ.

ಈಗ ಲೆಕ್ಕ. 10,000 ಜನರಲ್ಲಿ 100 ಜನರಿಗೆ ಕ್ಯಾನ್ಸರ್ ಇದೆ ಅಂದ್ಕೊಳ್ಳಿ. ರೋಗ ಇದ್ದವರಲ್ಲೂ ಇಲ್ಲದವರಲ್ಲೂ ಟೆಸ್ಟ್ 90 ಪರ್ಸೆಂಟ್ ಸರಿ. 100ರಲ್ಲಿ 90 ಜನ ಸಿಕ್ಕಿದರು. ಉಳಿದ 9,900 ಜನರಲ್ಲಿ 990 ಜನರಿಗೆ ಸುಳ್ಳು ಪಾಸಿಟಿವ್! ಅಂದ್ರೆ ಪಾಸಿಟಿವ್ ಬಂದ 12 ಜನರಲ್ಲಿ ನಿಜವಾಗಿ ರೋಗ ಇರೋದು ಒಬ್ಬರಿಗೆ. ಮಿಕ್ಕ 11 ಜನರಿಗೆ ಸ್ಕ್ಯಾನು, ಬಯಾಪ್ಸಿ, ಖರ್ಚು, ನಿದ್ದೆಗೇಡು. ಇನ್ನೊಂದು ಕಡೆ, ರೋಗ ಇದ್ದೂ ತಪ್ಪಿಸಿಕೊಂಡ 10 ಜನ “ನನಗೇನಿಲ್ಲ” ಅಂತ ನಿಶ್ಚಿಂತೆಯಿಂದ ಕೂತಿರ್ತಾರೆ.

ಹಾಗಂತ ಸಂಶೋಧನೆ ವ್ಯರ್ಥ ಅಲ್ಲ, ಖಂಡಿತ ನಡೀಬೇಕು. ಆದರೆ “90 ಪರ್ಸೆಂಟ್” ಅಂತ ಯಾರಾದರೂ ಹೇಳಿದರೆ ಒಂದು ಪ್ರಶ್ನೆ ಕೇಳಿ: ಪಾಸಿಟಿವ್ ಬಂದವರಲ್ಲಿ ಎಷ್ಟು ಜನರಿಗೆ ನಿಜವಾಗಿ ರೋಗ ಇರುತ್ತೆ?

ಅಮ್ಮನ ವಿಷಯ ಕೇಳಿದವರಿಗೆ: 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಗಂಟು ಕಂಡರೆ, ಬಾಯಿಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ಯಾವ ಸೆನ್ಸರ್‌ಗೂ ಕಾಯಬೇಡಿ. ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ.

ಮುಂದಿನ ವಾರ ಸಿಗೋಣ.