ಚಾಪೆಯ ಮೇಲೆ ಹರಿದ ಮಲಪ್ರಭೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಶಾಲೆಯ ನೆನಪು ಹೇಳಬೇಕೆಂದು ಕರೆದಿದ್ದಾರೆ. ನೆನಪುಗಳನ್ನು ನನಗಿಂತ ಸೊಗಸಾಗಿ ಹೇಳುವವರು ಇನ್ನೂ ಐದಾರು ಮಂದಿ ಸರದಿಯಲ್ಲಿದ್ದಾರೆ. ಆದ್ದರಿಂದ ನಾನು ಒಂದು ಆಟದ ಬಗ್ಗೆ ಮಾತಾಡುತ್ತೇನೆ. ಅದು ನಮ್ಮ ಮನೆಯಲ್ಲಿ ಮಳೆಗಾಲದ ಭಾನುವಾರಗಳಂದು ನಡೆಯುವ ಆಟ.

ಬೆಳಗಾವಿ, ಖಾನಾಪುರ ಕಡೆಯವರಿಗೆ ಕಿಲ್ಲಾ ಅಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ದೀಪಾವಳಿ ಬಂತೆಂದರೆ ಅಂಗಳದಲ್ಲಿ ಕಲ್ಲು, ಕೆಮ್ಮಣ್ಣು ಪೇರಿಸಿ ಕೋಟೆ ಕಟ್ಟುತ್ತೇವೆ. ಅದರ ಮೈಮೇಲೆ ಸಾಸಿವೆ ಚೆಲ್ಲಿ ಹಸಿರು ಬರಿಸುತ್ತೇವೆ. ತುದಿಯಲ್ಲಿ ಶಿವಾಜಿ ಮಹಾರಾಜರು, ಕೆಳಗೆ ಮೆಟ್ಟಿಲು ಮೆಟ್ಟಿಲಿಗೆ ಮಣ್ಣಿನ ಮಾವಳೆ ಸೈನಿಕರು. ಹಬ್ಬ ಮುಗಿದ ಮೇಲೆ ಈ ಸೈನಿಕರು ಡಬ್ಬಿ ಸೇರುತ್ತಾರೆ. ನಮ್ಮ ಮನೆಯ ಅಟ್ಟದ ಮೇಲೆ ಹೀಗೆ ಮೂರು ತಲೆಮಾರಿನ ಪಡೆ ಇತ್ತು. ಕೆಲವರಿಗೆ ಕೈ ಇಲ್ಲ, ಕೆಲವರಿಗೆ ತಲೆ ಇಲ್ಲ. ಆದರೂ ಪಡೆಯೇ.

ಯುರೋಪಿನಲ್ಲಿ ಇಂಥ ಬೊಂಬೆ ಸೈನಿಕರನ್ನು ಇಟ್ಟುಕೊಂಡು ದೊಡ್ಡವರೇ ಆಡುತ್ತಾರೆ. ಪ್ರಷ್ಯಾದ ಸೈನ್ಯದಲ್ಲಿ 1824ರ ಹೊತ್ತಿಗೆ ಅಧಿಕಾರಿಗಳ ತರಬೇತಿಗೆಂದೇ ನಕಾಶೆಯ ಮೇಲೆ ಯುದ್ಧ ಆಡಿಸುವ ಪದ್ಧತಿ ಬಂತು. 1913ರಲ್ಲಿ ಎಚ್. ಜಿ. ವೆಲ್ಸ್ ಎಂಬ ಕಾದಂಬರಿಕಾರರು ಮನೆಯ ನೆಲದ ಮೇಲೆ ಆಡುವುದಕ್ಕೆ ನಿಯಮಗಳ ಪುಸ್ತಕವನ್ನೇ ಬರೆದರು. ಇವತ್ತಿಗೂ ಈ ಆಟಗಾರರಿಗೆ ಬಲು ಪ್ರಿಯವಾದ ಕಾಲವೆಂದರೆ ನೆಪೋಲಿಯನ್ನನ ಕಾಲ. ಚದುರಂಗದಂತೆ ಮನೆ ಎಣಿಸುವುದಿಲ್ಲ. ಟೇಪು ಹಿಡಿದು ಅಳೆದು ನಡೆಸಬೇಕು. ಕಾಲಾಳು ಇಷ್ಟು ಅಂಗುಲ, ಕುದುರೆ ಅದರ ಎರಡು ಪಟ್ಟು, ಕೆಸರಿದ್ದರೆ ಅರ್ಧ. ಎದುರಾಬದುರಾದಾಗ ದಾಳ ಉರುಳಿಸಿ ಯಾರು ಉಳಿದರು, ಯಾರು ಹಿಂದೆ ಸರಿದರು ಎಂದು ತೀರ್ಮಾನ. ಜಗಳ ಬಿಡಿಸಲಿಕ್ಕೆ ಒಬ್ಬ ಪಂಚ ಬೇಕೇ ಬೇಕು.

ನಮ್ಮಲ್ಲಿ ಪಂಚರು ನಮ್ಮ ತಂದೆ. ಆಡುವವರು ನಾನು, ನನ್ನ ತಮ್ಮ, ಈ ಶಾಲೆಯಲ್ಲೇ ಎಂಟನೆಯ ತರಗತಿಯಲ್ಲಿ ಓದುವ ಅವನ ಮಗಳು, ಮತ್ತೆ ನನ್ನ ಇಬ್ಬರು ಸಹಪಾಠಿಗಳು. ಒಬ್ಬನದು ಕಿರಾಣಿ ಅಂಗಡಿ, ಇನ್ನೊಬ್ಬ ಬಸ್ ಕಂಡಕ್ಟರ್. ಆಟದಲ್ಲಿ ಯಾರ ದಳ ಎಲ್ಲಿಗೆ ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ಟೇಪು ಹಿಡಿಯದೆ ಹೇಳುವವನು ಕಂಡಕ್ಟರ್ ಒಬ್ಬನೇ.

ಮೊದಲು ವಾಟರ್ಲೂ ಆಡಿದೆವು. 1815ರ ಜೂನ್ 18. ಹಿಂದಿನ ರಾತ್ರಿಯ ಮಳೆಗೆ ನೆಲ ಕೆಸರಾಗಿ, ಅದು ಸ್ವಲ್ಪ ಆರಲೆಂದು ನೆಪೋಲಿಯನ್ ಸುಮಾರು ಮಧ್ಯಾಹ್ನದವರೆಗೆ ಕಾದ. ಸಂಜೆಗೆ ಪ್ರಷ್ಯಾದ ಸೈನ್ಯ ಬಂದು ಸೇರಿತು, ಅವನ ಕಥೆ ಮುಗಿಯಿತು. ಆಟ ಚೆನ್ನಾಗಿತ್ತು. ಆದರೆ ತಂದೆಯವರು ಕೇಳಿದರು: “ಅದೆಲ್ಲಾ ಖರೆ, ಆ ಊರು ಯಾರು ನೋಡ್ಯಾರ? ನಮ್ಮ ಕಡೆ ಯುದ್ಧ ಆಗೇ ಇಲ್ಲೇನು?”

ಆಗಿತ್ತು. ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಅದಕ್ಕೆ 15 ವರ್ಷ ಮೊದಲು ಆರ್ಥರ್ ವೆಲ್ಲೆಸ್ಲಿ ಎಂಬ ಹೆಸರಿನ ಕರ್ನಲ್ ಆಗಿ ನಮ್ಮ ಮಲಪ್ರಭೆಯ ದಂಡೆಯಲ್ಲೇ ಓಡಾಡುತ್ತಿದ್ದ. ಆಗ ಅವನ ವಯಸ್ಸು 31. ಅವನು ಬೆನ್ನು ಹತ್ತಿದ್ದು ಧೋಂಡಿಯಾ ವಾಘನನ್ನು. ಚನ್ನಗಿರಿಯವನಾದ ಧೋಂಡಿಯಾ ಟಿಪ್ಪುವಿನ ಸೆರೆಯಲ್ಲಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದು, ಕೆಲಸ ಕಳೆದುಕೊಂಡ ರಾವುತರನ್ನು ಕೂಡಿಸಿ, ಉಭಯ ಲೋಕಾಧೀಶ್ವರ ಎಂದು ಬಿರುದು ಇಟ್ಟುಕೊಂಡ. 1800ರ ಜುಲೈ 26ರಂದು ವೆಲ್ಲೆಸ್ಲಿ ಡಂಬಳದ ಕೋಟೆಯನ್ನು ಹಿಡಿದ. 30ರಂದು ಅಳಗವಾಡಿಯಿಂದ 26 ಮೈಲಿ ನಡೆದು ಮಧ್ಯಾಹ್ನ ಮುನವಳ್ಳಿಯ ಹೊಳೆದಂಡೆ ಮುಟ್ಟಿದ. ಧೋಂಡಿಯಾನ ದಂಡಿನ ಒಂದು ಪಾಲು, ಸಾಮಾನು ಸರಂಜಾಮಿನ ಸಮೇತ ಅಲ್ಲಿ ಬಿಡಾರ ಹೂಡಿತ್ತು. ಬೆನ್ನಿಗೆ ತುಂಬಿದ ಹೊಳೆ, ಎದುರಿಗೆ ಕುದುರೆ ದಳ. ಸುಮಾರು 5000 ಜನರನ್ನು ಹೊಳೆಗೆ ಅಟ್ಟಿದೆ, ಅವರು ಮುಳುಗಿದರು, ಆರು ತೋಪು ಸಿಕ್ಕವು ಎಂದು ವೆಲ್ಲೆಸ್ಲಿಯೇ ಥಾಮಸ್ ಮನ್ರೋಗೆ ಕಾಗದ ಬರೆದಿದ್ದಾನೆ.

ಚಾಪೆಯ ಮೇಲೆ ನೀಲಿ ಬಟ್ಟೆ ಹಾಸಿ ಹೊಳೆ ಮಾಡಿದೆವು. ಒಂದು ಬೊಂಬೆಗೆ ನೂರು ಕುದುರೆ ಎಂದು ಲೆಕ್ಕ ಇಟ್ಟೆವು. ಎರಡು ಸಲ ಆಡಿದೆವು, ಎರಡೂ ಸಲ ಧೋಂಡಿಯಾನ ಕಡೆ ಸೋತಿತು. ಮೂರನೆಯ ಸಲ ಆ ಕಡೆ ಕೂತವಳು ತಮ್ಮನ ಮಗಳು. ಹೊಳೆ ದಾಟಲು ಬಿಡಿ ಎಂದಳು. ಪಂಚರು, “ಶ್ರಾವಣದ ನೀರು, ದಾಟಾಕ ಆಗೂದಿಲ್ಲ,” ಎಂದರು.

“ಅಜ್ಜಾ, ಈ ನೀರು ಎಲ್ಲಿಂದ ಬಂತು?”

“ಎಲ್ಲಿಂದ ಅಂದ್ರ? ನಮ್ಮ ಕಣಕುಂಬಿಯಿಂದ. ಇಲ್ಲಿ ಹೊಡದ ಮಳೀನ ಅಲ್ಲಿ ಹೊಳೀ ಆಗತೈತಿ.”

“ಹಂಗಾದ್ರ ನಾ ಕಣಕುಂಬಿಗೇ ಬಂದು ಸುತ್ತು ಹೊಡದು ಆಕಡೆ ದಂಡಿಗೆ ಹೋಗ್ತೀನಿ. ಅಲ್ಲಿ ಹೊಳಿ ಅಲ್ಲ, ಹಳ್ಳ ಐತಲ್ಲ.”

ಕಿರಾಣಿ ಗೆಳೆಯ ನಕ್ಕ. ನಕಾಶೆ ಮುಗಿದುಹೋಗಿದೆ, ಬಟ್ಟೆಯ ಆಚೆ ಹೋಗುವಂತಿಲ್ಲ ಎಂದ. ನಾನು ನಗಲಿಲ್ಲ, ಏಕೆಂದರೆ ಧೋಂಡಿಯಾ ಮಾಡಿದ್ದೂ ಅದನ್ನೇ. ಮುನವಳ್ಳಿಯ ನಂತರ ಅವನು ಪಡುವಣಕ್ಕೆ ಓಡಿ, ಮಲಪ್ರಭೆಯ ಮೂಲದ ಕಾಡು ಸುತ್ತಿ ಆಚೆಯ ದಂಡೆ ಸೇರಿದ. ಪುಸ್ತಕ ತೆಗೆದು ತೋರಿಸಿದೆ. ಕಂಡಕ್ಟರ್ ಗೆಳೆಯ ಎದ್ದು ಹೋಗಿ ಹಸಿರು ಟವೆಲ್ ತಂದು ನಕಾಶೆಗೆ ಜೋಡಿಸಿದ. ಆವತ್ತಿನಿಂದ ನಮ್ಮ ಸೀಮೆಯ ಕಾಡು ಆಟದೊಳಗೆ ಬಂತು. ಟವೆಲ್ಲಿನ ಮೇಲೆ ಕುದುರೆಯೂ ಒಂದು ಸಲಕ್ಕೆ ಎರಡೇ ಅಂಗುಲ. ಉಂಬಳ ಇವೆ ಎಂದು ತಮ್ಮ ಒಂದು ಅಂಗುಲಕ್ಕೆ ಇಳಿಸಲು ನೋಡಿದ, ಪಂಚರು ಒಪ್ಪಲಿಲ್ಲ.

ಆಟ ಅಲ್ಲಿಗೆ ನಿಲ್ಲಲಿಲ್ಲ. ಸೋತ ಬೊಂಬೆಗಳನ್ನು ಡಬ್ಬಿಗೆ ಹಾಕುವಾಗ ತಂದೆಯವರು, “ಐದು ಸಾವಿರ ಮಂದಿ ಅಂದ್ರೆಲ್ಲ, ಅವರೆಲ್ಲ ಕತ್ತಿ ಹಿಡದವರೇನು? ಎತ್ತು ಹೊಡಿಯಾವರು, ರೊಟ್ಟಿ ಬಡಿಯಾವರು, ಕೂಸು ಕುನ್ನಿ ಎಷ್ಟು?” ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ಆ ಕಾಲದ ದಂಡಿನ ಹಿಂದೆ ಒಂದು ಊರೇ ನಡೆಯುತ್ತಿತ್ತು. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಧೋಂಡಿಯಾ ಸತ್ತ ಮೇಲೆ, ಸಾಮಾನಿನ ನಡುವೆ ಅವನ ನಾಲ್ಕು ವರ್ಷದ ಮಗ ಸಲಾಬತ್ ಖಾನ್ ಸಿಕ್ಕ. ವೆಲ್ಲೆಸ್ಲಿ ಆ ಕೂಸನ್ನು ತನ್ನ ಡೇರೆಗೆ ಕರೆಸಿಕೊಂಡು ಸಾಕುವ ವ್ಯವಸ್ಥೆ ಮಾಡಿದ, ಭಾರತ ಬಿಡುವಾಗ ಅವನಿಗಾಗಿ ಹಣ ಇಟ್ಟು ಹೋದ. ಇದು ಒಳ್ಳೆಯ ಕೆಲಸವೇ. ಆದರೆ ಮುನವಳ್ಳಿಯ ನೀರಿನಲ್ಲಿ ಹೋದ ಮಕ್ಕಳ ಹೆಸರು ಯಾವ ಕಾಗದದಲ್ಲೂ ಇಲ್ಲ ಎಂಬುದನ್ನು ನಾನು ಅದರ ಪಕ್ಕದಲ್ಲೇ ಇಟ್ಟು ಓದುತ್ತೇನೆ.

ಮುಂದಿನ ಭಾನುವಾರ ಹುಡುಗಿ ಅಡುಗೆಮನೆಯಿಂದ ಒಂದು ಬೊಗಸೆ ಹುಣಸೆ ಬೀಜ ತಂದು ಹೊಳೆದಂಡೆಯಲ್ಲಿ ಸುರಿದಳು. ಇವರು ಬಿಡಾರದ ಜನ ಎಂದಳು. ಈಗ ಆಟದ ಲೆಕ್ಕ ಬೇರೆ. ಎಷ್ಟು ಬೊಂಬೆ ಹೊಡೆದಿರಿ ಎಂಬುದಕ್ಕೆ ಒಂದು ಅಂಕ, ಎಷ್ಟು ಬೀಜ ಸುರಕ್ಷಿತ ಜಾಗ ಸೇರಿದವು ಎಂಬುದಕ್ಕೆ ಎರಡು. ಹೀಗೆ ಮಾಡಿದ ಮೇಲೆ ಧೋಂಡಿಯಾನ ಕಡೆ ಕೂತವರು ಕುದುರೆಗಳನ್ನು ಮೊದಲು ಓಡಿಸುವುದು ಬಿಟ್ಟರು. ಎತ್ತಿನ ಗಾಡಿಯ ನಡಿಗೆಯಲ್ಲೇ ಇಡೀ ದಳ ನಡೆಯುತ್ತದೆ. ಆಟ ನಿಧಾನ, ಎರಡು ಸಲ ಚಹಾ ಬೇಕಾಗುತ್ತದೆ. ಎಲ್ಲ ಬೀಜಗಳನ್ನೂ ಉಳಿಸಲು ಇದುವರೆಗೆ ಯಾರಿಗೂ ಆಗಿಲ್ಲ. ನನ್ನ ತಮ್ಮ ಒಮ್ಮೆ ನಲವತ್ತರಲ್ಲಿ ಮೂವತ್ತೊಂದನ್ನು ಟವೆಲ್ಲಿನವರೆಗೆ ತಂದ.

ನಕಾಶೆಯನ್ನೂ ಡಬ್ಬಿಯನ್ನೂ ಇವತ್ತು ತಂದಿದ್ದೇನೆ. ಊಟವಾದ ಮೇಲೆ ಒಂಬತ್ತನೆಯ ತರಗತಿಯ ಕೋಣೆಯಲ್ಲಿ ಹಾಸುತ್ತೇವೆ, ಮುಖ್ಯ ಗುರುಗಳು ಒಪ್ಪಿದ್ದಾರೆ. ಊರ ಹಿರಿಯರಲ್ಲಿ ಒಂದು ವಿನಂತಿ ಇದೆ. ಸೇತುವೆಗಳು ಆಗುವ ಮೊದಲು ಮಳೆಗಾಲದಲ್ಲಿ ನಿಮ್ಮ ಅಪ್ಪ, ಅಜ್ಜಂದಿರು ದನ ಹೊಡೆದುಕೊಂಡು ಈ ಹೊಳೆಯನ್ನು ಎಲ್ಲೆಲ್ಲಿ ದಾಟುತ್ತಿದ್ದರು ಎಂದು ನಿಮಗೆ ಗೊತ್ತಿದ್ದರೆ, ಒಂದು ಗಳಿಗೆ ಬಂದು ಟವೆಲ್ಲಿನ ಮೇಲೆ ಬೆರಳಿಟ್ಟು ತೋರಿಸಿರಿ. ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳುತ್ತೇವೆ.