ಮಗುವಿನ ಬೆಳವಣಿಗೆಯನ್ನು ಗಮನಿಸಿರಿ
(ಅಂಗನವಾಡಿ ಕಾರ್ಯಕರ್ತೆಯರ ಹಾಗೂ ತಾಯಂದಿರ ಸಭೆಯಲ್ಲಿ ಮಾಡಿದ ಭಾಷಣ)



ರಾಗಿಯ ಪೈರು ಹೇಗಿದೆಯೆಂದು ರೈತನು ದಿನವೂ ನೋಡುತ್ತಾನೆ. ಎಲೆ ಹಳದಿಯಾದರೆ ಕೂಡಲೇ ಕಾರಣ ಹುಡುಕುತ್ತಾನೆ, ಸುಗ್ಗಿಯವರೆಗೆ ಕಾಯುವುದಿಲ್ಲ. ಮನೆಯ ಮಗುವಿನ ವಿಷಯದಲ್ಲಿಯೂ ಇದೇ ಎಚ್ಚರ ಬೇಕು.

ಅಂಗನವಾಡಿಯ ಮಗುವಿಗೆ ಪರೀಕ್ಷೆ ಬೇಡ, ಅಂಕವೂ ಬೇಡ. ಹತ್ತು ಜನರ ಮುಂದೆ ನಿಲ್ಲಿಸಿ "ಅ, ಆ ಹೇಳು" ಎಂದರೆ ಚುರುಕಾದ ಮಗುವೂ ಬಾಯಿ ಬಿಡದು. ಅದು ಆಡುವಾಗ, ಉಣ್ಣುವಾಗ, ಕತೆ ಕೇಳುವಾಗ ನೋಡಬೇಕು. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಅವರು ಬೆತ್ತವನ್ನು ದೂರವಿಟ್ಟು, ಆಟ ಮತ್ತು ಕತೆಗಳಿಂದ ಕಲಿಸುವ ದಾರಿಯನ್ನು ತೋರಿದರು. ಹೆದರದ ಮಗು ಮಾತ್ರ ತನ್ನ ನಿಜವಾದ ಶಕ್ತಿಯನ್ನು ತೋರಿಸುತ್ತದೆ.

ಏನನ್ನು ನೋಡಬೇಕು? ಕೈಕಾಲುಗಳ ಚಲನೆ, ಬೆರಳುಗಳ ಹಿಡಿತ, ಮಾತು, ತಿಳಿವಳಿಕೆ, ಇತರರೊಡನೆ ಬೆರೆಯುವ ರೀತಿ, ಈ ಐದನ್ನು. ಸಾಮಾನ್ಯವಾಗಿ ಮಕ್ಕಳು 9 ತಿಂಗಳೊಳಗೆ ಆಸರೆಯಿಲ್ಲದೆ ಕೂರುತ್ತಾರೆ. 18 ತಿಂಗಳೊಳಗೆ ತಾವಾಗಿಯೇ ನಡೆಯುತ್ತಾರೆ. 2 ವರ್ಷಕ್ಕೆ "ಅಮ್ಮ ಬಾ" ಎಂದು ಎರಡು ಪದ ಕೂಡಿಸುತ್ತಾರೆ. ಇದರಲ್ಲಿ ತುಸು ಹಿಂದು ಮುಂದು ಇರುವುದು ಸಹಜ. ಪಕ್ಕದ ಮನೆಯ ಮಗುವಿಗೆ ಹೋಲಿಸಿ ಹಂಗಿಸಬೇಡಿರಿ. ಹೋದ ತಿಂಗಳು ಅದೇ ಮಗು ಹೇಗಿತ್ತು, ಈಗ ಹೇಗಿದೆ ಎಂದು ನೋಡಿರಿ.

ಕಂಡದ್ದನ್ನು ತಾರೀಖಿನೊಡನೆ ಬರೆದಿಡಿರಿ. ಆದರೆ "ಮಂದ ಮಗು", "ಮೊಂಡು ಮಗು" ಎಂದು ಬರೆಯಬೇಡಿರಿ. "ಹಿಂದಿನಿಂದ ಮೂರು ಸಲ ಕರೆದರೂ ತಿರುಗಲಿಲ್ಲ" ಎಂದು ಬರೆಯಿರಿ. ಮೊದಲನೆಯದು ಬರಿಯ ತೀರ್ಪು; ಅದರಿಂದ ಯಾರಿಗೂ ಉಪಯೋಗವಿಲ್ಲ. ಎರಡನೆಯದು ಕಿವಿಯ ಪರೀಕ್ಷೆ ಆಗಬೇಕೆಂದು ತಿಳಿಸುತ್ತದೆ. ಕಿವಿ ಕೇಳದ ಎಷ್ಟೋ ಮಕ್ಕಳಿಗೆ ಮೊಂಡರೆಂಬ ಹೆಸರು ಬರುತ್ತದೆ. "ನಮ್ಮ ಮನೆತನದಲ್ಲಿ ಮಾತು ತಡ" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಅಷ್ಟರಲ್ಲಿ ಮಾತು ಕಲಿಯುವ ಅಮೂಲ್ಯ ಕಾಲ ಜಾರಿಹೋಗುತ್ತದೆ.

ಸಂಶಯ ಬಂದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಕಲಿತಿದ್ದ ಮಾತನ್ನೋ ನಡಿಗೆಯನ್ನೋ ಮಗು ಮರೆಯತೊಡಗಿದರೆ ಒಂದು ದಿನವೂ ಕಾಯಕೂಡದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡವು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಆ ದಿನ ನಿಮ್ಮ ಬರಹವನ್ನು ಅವರಿಗೆ ತೋರಿಸಿರಿ. ಕಿವಿ ಮತ್ತು ಮಾತಿನ ತೊಂದರೆಗೆ 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೂ ಇದೆ.

ರೋಗವನ್ನು ನಿರ್ಣಯಿಸುವುದು ವೈದ್ಯರ ಕೆಲಸ. ಮೊದಲು ಕಾಣುವುದು ನಮ್ಮ ಕೆಲಸ. ಇದಕ್ಕೆ ಬೇಕಾದುದು ಒಂದು ನೋಟು ಪುಸ್ತಕ, ಒಂದು ಪೆನ್ಸಿಲು, ದಿನಕ್ಕೆ ಹತ್ತು ನಿಮಿಷದ ತಾಳ್ಮೆ. ಈ ಪದ್ಧತಿ ಪ್ರತಿಯೊಂದು ಅಂಗನವಾಡಿಯಲ್ಲಿಯೂ ನಡೆದುಬರಲೆಂದು ಕೋರಿ ನನ್ನ ಮಾತನ್ನು ಮುಗಿಸುತ್ತೇನೆ.