ಹಳೆಯ ವಾಲ್ವು, ಹೊಸ ವಾಲ್ವು

ವಾಲ್ವಿನ ರೇಡಿಯೋ ಕಂಡವರಿಗೆ ನೆನಪಿರಬಹುದು: ಗುಂಡಿ ತಿರುಗಿಸಿದೊಡನೆ ಅದು ಮಾತನಾಡುತ್ತಿರಲಿಲ್ಲ. ಒಳಗಿನ ತಂತಿ ಕಾಯುವವರೆಗೆ ನಾವೂ ಕಾಯಬೇಕಿತ್ತು. ಬಾಸ್ ಗಿಟಾರಿನ ಮಂದ್ರನಾದವನ್ನು ಹಿಗ್ಗಿಸುವ ಆಂಪ್ಲಿಫೈಯರುಗಳಲ್ಲಿ ಆ ವಾಲ್ವು ಇಂದಿಗೂ ಬದುಕಿದೆ. ಮನೆಯಲ್ಲಿ ನುಡಿಸುವವನಿಗೆ ಹಳೆಯದು ಮೇಲೋ ಹೊಸದು ಮೇಲೋ ಎಂಬ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತು.

ನನ್ನ ಮನ ಸೋತದ್ದು ಅಮೆರಿಕದ ಆಂಪೆಗ್ ಸಂಸ್ಥೆ 1960ರಲ್ಲಿ ಹೊರತಂದ ಬಿ-15 ಪೋರ್ಟಾಫ್ಲೆಕ್ಸಿಗೆ. 15 ಅಂಗುಲದ ಒಂದೇ ಸ್ಪೀಕರು, 25 ವಾಟಿನಷ್ಟು ಶಕ್ತಿ. ನುಡಿಸಿಯಾದ ಮೇಲೆ ಯಂತ್ರಭಾಗವನ್ನು ಮಗುಚಿ ಪೆಟ್ಟಿಗೆಯೊಳಗೇ ಅಡಗಿಸಿಡುವ ಜಾಣ್ಮೆ. ಡೆಟ್ರಾಯಿಟ್ಟಿನ ಜೇಮ್ಸ್ ಜೇಮರ್ಸನ್ ಮೆಚ್ಚಿ ಬಳಸಿದ್ದು ಇದನ್ನೇ. 1969ರಲ್ಲಿ ಬಂದ ಎಸ್‌ವಿಟಿಯಾದರೋ 300 ವಾಟಿನದು. ಅದನ್ನು ಕೋಣೆಗೆ ತರುವುದು ಮದುವೆಮನೆಯ ಹಂಡೆಯಲ್ಲಿ ಒಬ್ಬನಿಗೆ ಅನ್ನ ಬೇಯಿಸಿದಂತೆ.

ಆದರೆ ಹಳತೆಂದರೆ ಹೊಣೆ. ಒಳಗಿನ ಕೆಪಾಸಿಟರುಗಳು ವರ್ಷಗಳು ಕಳೆದಂತೆ ಒಣಗಿ ನಾದದಲ್ಲಿ ಗುಂಯ್‌ಗುಡುವಿಕೆ ಸೇರುತ್ತದೆ. ಎಷ್ಟೋ ಹಳೆಯ ಪೆಟ್ಟಿಗೆಗಳ ಪ್ಲಗ್ಗಿಗೆ ಭೂಸಂಪರ್ಕವೇ ಇಲ್ಲ. ಹಳತಾಗಲಿ ಹೊಸತಾಗಲಿ, ಸ್ವಿಚ್ಚು ಆರಿಸಿದ ಮೇಲೂ ನೂರಾರು ವೋಲ್ಟು ಒಳಗೆ ಉಳಿದಿರಬಲ್ಲದು. ಬಲ್ಲವರಲ್ಲದೆ ಯಾರೂ ಕೈಯಿಕ್ಕಬಾರದು. ಸ್ಪೀಕರು ಜೋಡಿಸದೆ ನುಡಿಸಿದರೆ ಹೊಸದರ ಟ್ರಾನ್ಸ್‌ಫಾರ್ಮರೂ ಸುಟ್ಟೀತು. ಆದರೂ ಹೊಸದರಲ್ಲಿ ಭೂಸಂಪರ್ಕವಿದೆ, ಬಿಡಿಭಾಗಗಳು ಮುಪ್ಪಾಗಿಲ್ಲ.

ನುರಿತ ದುರಸ್ತಿಗಾರ ಹತ್ತಿರವಿದ್ದವರು ಹಳೆಯದನ್ನು ಸರಿಪಡಿಸಿಕೊಂಡು ಸುಖಿಸಲಿ. ನನ್ನ ಮನೆಯಲ್ಲಿ ಎಲ್ಲವನ್ನೂ ಮುಟ್ಟಿ ನೋಡುವ ಮೊಮ್ಮಗನಿದ್ದಾನೆ. ನಾನು ಕಡಿಮೆ ವಾಟಿನ ಹೊಸದನ್ನೇ ಆರಿಸಿದೆ. ಸಂಜೆ ವಾಲ್ವು ಕೆಂಪಗೆ ಹೊಳೆಯುವುದನ್ನು ಇಬ್ಬರೂ ಕೂತು ಕಾಯುತ್ತೇವೆ. ಆ ಕಾಯುವಿಕೆಯಂತೂ ಹಳೆಯದೇ.